ಹತ್ತು ಸಾವಿರ ರೂಪಾಯಿ ಟ್ಯಾಕ್ಸಿಗೆ ಎರಡು ಎಕರೆ ಗದ್ದೆ

ಟ್ಯಾಕ್ಸ್ ಬಗ್ಗೆ ಬರೀತೀನಿ ಅಂದ ತಕ್ಷಣ ನಿಮ್ಮಲ್ಲಿ ಅರ್ಧ ಜನ ಇಲ್ಲಿಂದಲೇ ಪರಾರಿ ಆಗ್ತೀರಿ ಅಂತ ಗೊತ್ತು :) ಸ್ವಲ್ಪ ತಡೀರಿ. ಇದು ಟ್ಯಾಕ್ಸಿನ ಕಥೆ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಮನೆಯ ಕಥೆ. ನಿಮ್ಮ ಅಕ್ಕನೋ ತಂಗಿಯೋ ಅಣ್ಣನೋ ಹೊರದೇಶದಲ್ಲಿದ್ದು, ಊರಲ್ಲಿ ಒಂದು ಹೊಲವೋ ಸೈಟೋ ಇದ್ದರೆ, ಇವತ್ತಲ್ಲ ನಾಳೆ ನಿಮ್ಮ ಮನೆಗೂ ಇದು ಬರುತ್ತೆ.

ಮೊದಲು ನಮ್ಮ ಮನೆಯ ಭೂಗೋಳ ಹೇಳ್ತೀನಿ. ನಮ್ಮದು ರಾಯಚೂರು. ಅಪ್ಪ 2003ರಲ್ಲಿ ಊರ ಅಂಚಿನಲ್ಲಿ ಒಂದು ಸೈಟು ತಗೊಂಡಿದ್ದರು, 1 ಲಕ್ಷ 80 ಸಾವಿರಕ್ಕೆ. ಮಾನ್ವಿ ತಾಲೂಕಿನಲ್ಲಿ 6 ಎಕರೆ ಗದ್ದೆ ಇದೆ, ತುಂಗಭದ್ರಾ ಎಡದಂಡೆ ಕಾಲುವೆ ನೀರು. ಅದು ತಾತನ ಕಾಲದ್ದು, ಕಾಕಾ ಜೊತೆ ಪಾಲಾದ ಮೇಲೆ ಅಪ್ಪನಿಗೆ ಬಂದದ್ದು. ಅಕ್ಕ ಎಂ.ಎಸ್. ಮಾಡೋಕೆ ಅಂತ ಹೋದವಳು ಈಗ ಡಲ್ಲಾಸಿನಲ್ಲಿದ್ದಾಳೆ, ಕೆಲಸ ಇದೆ, ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತಿದ್ದಾಳೆ. ಅಕ್ಕನ ಗಂಡ, ಅಂದರೆ ನಮ್ಮ ಮಾವ, ದೇವದುರ್ಗದವರು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಅವ್ವ ರಾಯಚೂರಿನಲ್ಲಿ.

2023ರಲ್ಲಿ ಅಪ್ಪ ಹೋದರು. ಆಸ್ಪತ್ರೆ ಸಾಲ ಉಳೀತು. ಸಾಲ ತೀರಿಸೋಕೆ ಸೈಟು ಮಾರೋದು, ಗದ್ದೆಗೆ ಪೌತಿ ಖಾತೆ ಮಾಡಿಸೋದು ಅಂತ 2024ರಲ್ಲಿ ಮಾತಾಯಿತು. ಆಗ ಕಾಕಾ ಹೇಳಿದ್ದು ಇದು:

"ನೋಡಪಾ, ಆಕಿ ಹೆಸರು ಸೇರಿಸಿದ್ರ ಅಲ್ಲಿ ಟ್ಯಾಕ್ಸಿನವರು ಆಕಿಗೆ ತ್ರಾಸು ಕೊಡ್ತಾರ. ಇಲ್ಲಿನೂ ಕಟ್ಟಬೇಕು, ಅಲ್ಲಿನೂ ಕಟ್ಟಬೇಕು. ಸುಮ್ಮ ಒಂದು ಹಕ್ಕು ಬಿಟ್ಟ ಪತ್ರಕ್ಕ ಸೈನ್ ಹಾಕಿಸಿಬಿಡು. ಎಲ್ಲಾ ಸಲೀಸು ಆಗ್ತದ."

ಕಾಕಾ ಕೆಟ್ಟವರಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಂದ ಸೈನ್ ಹಾಕಿಸಿಕೊಳ್ಳೋದು ಎಷ್ಟು ಮಾಮೂಲಿ ಅಂದರೆ ಅದಕ್ಕೆ ಯಾರೂ ಕಾರಣಾನೇ ಕೊಡೋದಿಲ್ಲ. ಕಾಕಾ ಒಂದು ಕಾರಣ ಕೊಟ್ಟರಲ್ಲ ಅದೇ ಸುಧಾರಣೆ ಅನ್ನಬೇಕು. ಸೈಟು ಕೊಳ್ಳೋಕೆ ಬಂದವರೂ ಅದೇ ರಾಗ ತೆಗೆದರು. "ಎನ್ನಾರೈ ಪಾಲು ಅಂದ್ರ ನಮಗ ಲಫಡಾ ಆಗ್ತದ್ರಿ, ನೀವು ಅವ್ವ ಮಗ ಇಬ್ಬರ ಹೆಸರಲೇ ಮಾಡಿಕೊಡ್ರಿ." ಅಕ್ಕನೂ ಫೋನಿನಲ್ಲಿ "ತ್ರಾಸು ಆಗೋದಾದ್ರ ಬಿಡೋ, ನಾ ಸೈನ್ ಹಾಕ್ತೀನಿ" ಅಂದಳು. ಅವಳ ದನಿ ಮಾತ್ರ ಹಾಗಿರಲಿಲ್ಲ.

ನನಗೆ ಅನ್ನಿಸಿದ್ದು ಇಷ್ಟೇ. ತ್ರಾಸು, ಲಫಡಾ ಅನ್ನೋದೆಲ್ಲ ಸರಿ, ಆದರೆ ಎಷ್ಟು? ರೂಪಾಯಿಯಲ್ಲಿ ಹೇಳ್ರಿ. ಯಾರಿಗೂ ಗೊತ್ತಿರಲಿಲ್ಲ. ರಾಯಚೂರಿನಲ್ಲಿ ನಮಗೆ ಪರಿಚಯದ ಒಬ್ಬ ಸಿಎ ಸಾಹೇಬರಿದ್ದಾರೆ. ಪಹಣಿ, ಗಂಜ್‌ನ ದಲಾಲರ ಚೀಟಿ, ಲೀಜು, ಎಲ್ಲ ಅವರಿಗೆ ಬೆರಳ ತುದಿಯಲ್ಲಿ. ಅಮೆರಿಕದ ಫಾರ್ಮ್ 1040 ಅವರು ನೋಡಿಲ್ಲ. ಅಕ್ಕನಿಗೆ ಡಲ್ಲಾಸಿನಲ್ಲಿ ರಿಟರ್ನ್ ತುಂಬಿಕೊಡೋ ಒಬ್ಬರಿದ್ದಾರೆ. ಅವರಿಗೆ 1040 ನಿದ್ದೆಯಲ್ಲೂ ಬರುತ್ತೆ, ಆದರೆ ಎಕರೆಗೆ ಇಷ್ಟು ಚೀಲ ಅಂತ ಲೀಜು ಕೊಡ್ತಾರೆ ಅಂದರೆ "ಚೀಲ ಅಂದರೆ ಏನು?" ಅಂತಾರೆ. ಇಬ್ಬರೂ ಬುದ್ಧಿವಂತರೇ. ಇಬ್ಬರ ನಡುವೆ ಮಾತಾಡಿಸೋರು ಬೇಕಿತ್ತು. ಎರಡು ಸಿಸ್ಟಮ್‌ಗಳ ನಡುವೆ ಇಂಟರ್ಫೇಸ್ ಬರೆಯೋದು ನನ್ನ ಹೊಟ್ಟೆಪಾಡು, ಆದ್ದರಿಂದ ಆ ಕೆಲಸ ನನ್ನ ತಲೆಗೆ ಬಂತು. (ನಾನು ಸಿಎ ಅಲ್ಲ. ಇದನ್ನು ಓದಿ ಯಾರೂ ರಿಟರ್ನ್ ತುಂಬಬೇಡಿ!)

ಒಂದು ತಿಂಗಳು ರಾತ್ರಿ ಹೊತ್ತು ಕೂತು, ಆ ಕಡೆ ಈ ಕಡೆ ಇಬ್ಬರನ್ನೂ ಕೇಳಿ ಕೇಳಿ ತಿಳ್ಕೊಂಡದ್ದನ್ನು ಇಲ್ಲಿ ಬರೀತಿದ್ದೀನಿ.

ಮೊದಲನೇ ವಿಷಯ, ಅಕ್ಕ ಎಚ್-1ಬಿ ವೀಸಾದಲ್ಲಿದ್ದರೂ ಅಮೆರಿಕದ ತೆರಿಗೆ ಲೆಕ್ಕದಲ್ಲಿ ಅಲ್ಲಿನ ನಿವಾಸಿ. ನಿವಾಸಿ ಅಂದರೆ ಲೋಕದ ಯಾವ ಮೂಲೆಯಲ್ಲಿ ಆದಾಯ ಬಂದರೂ ಅಲ್ಲಿ ತೋರಿಸಬೇಕು. ಮಾನ್ವಿಯ ಭತ್ತವೂ ಬಂತು. ಭಾರತದ ಲೆಕ್ಕದಲ್ಲಿ ಅವಳು ಅನಿವಾಸಿ, ಇಲ್ಲಿ ಹುಟ್ಟಿದ ಆದಾಯಕ್ಕೆ ಮಾತ್ರ ಇಲ್ಲಿ ತೆರಿಗೆ. ಒಂದೇ ಆದಾಯಕ್ಕೆ ಎರಡು ಕಡೆ ಬರೆ ಬೀಳಬಾರದು ಅಂತ ಎರಡು ದೇಶಗಳ ನಡುವೆ ಒಪ್ಪಂದ ಇದೆ. 1989ರ ಸೆಪ್ಟೆಂಬರ್ 12ರಂದು ಸಹಿ ಆಗಿ 1990ರ ಡಿಸೆಂಬರ್ 18ರಿಂದ ಜಾರಿಯಲ್ಲಿದೆ. ಅಂದರೆ ನನಗಿಂತ ಹಿರಿಯದು.

ಇಲ್ಲೇ ಬಹಳ ಜನ ಒಂದು ಸಾಲು ತಪ್ಪಾಗಿ ಓದ್ತಾರೆ. ಭಾರತದಲ್ಲಿರೋ ಜಮೀನಿನ ಆದಾಯಕ್ಕೆ ಭಾರತ ತೆರಿಗೆ "ಹಾಕಬಹುದು" ಅಂತ ಒಪ್ಪಂದದ 6ನೇ ಕಲಮಿನಲ್ಲಿದೆ. "ಭಾರತ ಮಾತ್ರ ಹಾಕಬಹುದು" ಅಂತ ಇಲ್ಲ. ಹಾಗಾಗಿ "ಊರಿನ ಆದಾಯ, ಅಲ್ಲಿ ಯಾಕ ಹೇಳಬೇಕು?" ಅನ್ನೋ ವಾದ ನಡೆಯೋದಿಲ್ಲ. ಎರಡೂ ಕಡೆ ಹೇಳಬೇಕು. ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಕ್ರೆಡಿಟ್ ಅಂತಾರಲ್ಲ, ಅದು.

ಈಗ ಸೈಟಿನ ಲೆಕ್ಕ. 36 ಲಕ್ಷಕ್ಕೆ ಮಾತಾಗಿತ್ತು. ಅವ್ವ, ಅಕ್ಕ, ನಾನು, ತಲಾ 12 ಲಕ್ಷ. 2024ರ ಜುಲೈ 23ರಿಂದ ಭಾರತದಲ್ಲಿ ಇಂಥ ದೀರ್ಘಾವಧಿ ಲಾಭಕ್ಕೆ ತೆರಿಗೆ ನೂರಕ್ಕೆ 12.5. ಅಪ್ಪ ಕೊಟ್ಟ ಬೆಲೆಯಲ್ಲಿ ಒಬ್ಬೊಬ್ಬರ ಪಾಲಿಗೆ 60 ಸಾವಿರ ಕಳೆದರೆ ಲಾಭ 11 ಲಕ್ಷ 40 ಸಾವಿರ. ಅಕ್ಕನಿಗೆ ತೆರಿಗೆ 1,42,500, ಮೇಲೆ 4 ಪರ್ಸೆಂಟ್ ಸೆಸ್, ಒಟ್ಟು 1,48,200 ರೂಪಾಯಿ. ಅದೇ ಅವ್ವನಿಗೆ? ಬೇರೆ ಆದಾಯ ಇಲ್ಲ, ನಿವಾಸಿ, ಹೊಸ ಪದ್ಧತಿಯಲ್ಲಿ ಆ ವರ್ಷ 3 ಲಕ್ಷದ ಮೂಲ ವಿನಾಯಿತಿಯನ್ನು ಈ ಲಾಭದಲ್ಲೇ ಕಳೆದುಕೊಳ್ಳಬಹುದು. ಹಾಗಾಗಿ 1,09,200. ಅನಿವಾಸಿಗೆ ಆ ಸೌಲಭ್ಯ ಇಲ್ಲ. ಒಂದೇ ಸೈಟು, ಒಂದೇ ಪಾಲು, ತೆರಿಗೆಯಲ್ಲಿ 39 ಸಾವಿರ ಫರಕು. ಇದು ಕಾಕಾನ ವಾದಕ್ಕೆ ಸಿಕ್ಕ ಒಂದು ಅಂಕ. ಒಪ್ಪಿಕೊಂಡೆ.

ಕೊಳ್ಳುವವರ ಲಫಡಾನೂ ಸುಳ್ಳಲ್ಲ. ನಿವಾಸಿಯಿಂದ ಕೊಂಡರೆ, 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ವ್ಯವಹಾರಕ್ಕೆ ಮಾತ್ರ, ನೂರಕ್ಕೆ 1 ಹಿಡಿದರೆ ಸಾಕು. ಅನಿವಾಸಿಯಿಂದ ಕೊಂಡರೆ ಮೊತ್ತ ಎಷ್ಟೇ ಇರಲಿ, ಆ ಕಾಲಕ್ಕಿದ್ದ 1961ರ ಕಾಯ್ದೆಯ 195ನೇ ಕಲಮಿನ ಪ್ರಕಾರ ಸೆಸ್ ಸೇರಿ ನೂರಕ್ಕೆ 13 ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಅದಕ್ಕೆ ಟ್ಯಾನ್ ಅನ್ನೋ ನಂಬರ್ ಬೇರೆ ಮಾಡಿಸಿಕೊಳ್ಳಬೇಕಿತ್ತು. (2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಕಲಮುಗಳ ನಂಬರ್ ಎಲ್ಲಾ ಬದಲಾಗಿವೆ. ನಿಮ್ಮ ಸಿಎ ಹತ್ತಿರ ಹೊಸ ನಂಬರ್ ಕೇಳಿ.) ಅಕ್ಕನ 12 ಲಕ್ಷಕ್ಕೆ 1,56,000 ಹಿಡಿದರು. ನಿಜವಾದ ತೆರಿಗೆ 1,48,200. ಉಳಿದ 7,800 ಅಕ್ಕ ರಿಟರ್ನ್ ಹಾಕಿ ವಾಪಸ್ ಕೇಳಿದಳು. ಅಪ್ಪ ಹೆಚ್ಚು ಬೆಲೆಗೆ ಕೊಂಡಿದ್ದರೆ, ಲಾಭ ಸಣ್ಣದಾಗಿದ್ದರೆ, ಮೊದಲೇ ಇಲಾಖೆಗೆ ಅರ್ಜಿ ಹಾಕಿ ಕಡಿಮೆ ಹಿಡಿಯೋ ಸರ್ಟಿಫಿಕೇಟ್ ತರಬಹುದಿತ್ತು. ನಮಗೆ ಅದರ ಅಗತ್ಯ ಬೀಳಲಿಲ್ಲ.

ಅಮೆರಿಕದಲ್ಲಿ? ಇಲ್ಲಿ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. ತೀರಿಕೊಂಡವರಿಂದ ಬಂದ ಆಸ್ತಿಗೆ ಅಲ್ಲಿ ಹಳೇ ಬೆಲೆ ಹಿಡಿಯೋದೇ ಇಲ್ಲ. ಅವರು ತೀರಿಕೊಂಡ ದಿನದ ಬೆಲೆಯೇ ನಿಮ್ಮ ಅಸಲು. 2023ರಲ್ಲಿ ಸೈಟಿನ ಬೆಲೆ 33 ಲಕ್ಷ ಅಂತ ಅಂದಾಜು ಪತ್ರ ಮಾಡಿಸಿದ್ದೆವು, ಅಕ್ಕನ ಪಾಲು 11 ಲಕ್ಷ. ಆಗಿನ ಡಾಲರ್ ದರದಲ್ಲಿ ಹೆಚ್ಚುಕಡಿಮೆ 13,300 ಡಾಲರ್. ಮಾರಿದಾಗ 12 ಲಕ್ಷ, ರೂಪಾಯಿ ಬಿದ್ದಿದ್ದರಿಂದ ಸುಮಾರು 14,100 ಡಾಲರ್. ಲಾಭ 800 ಡಾಲರ್. ನೂರಕ್ಕೆ 15 ಅಂದರೆ 120 ಡಾಲರ್. ಅಕ್ಕ ಭಾರತದಲ್ಲಿ ಆಗಲೇ 1,700 ಡಾಲರಿಗೂ ಮೀರಿ ಕಟ್ಟಿದ್ದಾಳೆ, ಅದರ ಕ್ರೆಡಿಟ್ ತಗೊಂಡರೆ ಅಲ್ಲಿ ಕಟ್ಟೋದು ಸೊನ್ನೆ. ಮಿಕ್ಕ ಕ್ರೆಡಿಟ್ಟನ್ನು ಅದೇ ಬಗೆಯ ಆದಾಯ ಬಂದರೆ ಮುಂದಿನ 10 ವರ್ಷದವರೆಗೆ ಬಳಸಬಹುದು.

ಹಾಗಾದರೆ "ಇಲ್ಲಿನೂ ಕಟ್ಟಬೇಕು, ಅಲ್ಲಿನೂ ಕಟ್ಟಬೇಕು" ಅನ್ನೋದು ಸೈಟಿನ ವಿಷಯದಲ್ಲಿ ಬಿದ್ದುಹೋಯಿತು.

ಮಾವನ ಅನುಭವ ಇದಕ್ಕೆ ಪೂರ್ತಿ ಉಲ್ಟಾ. ಅವರ ಅಪ್ಪ ಕೊಂಡಿದ್ದ ಹತ್ತಿ ಹೊಲ ದೇವದುರ್ಗದಿಂದ 5 ಕಿಲೋಮೀಟರ್ ಆಚೆ ಇತ್ತು. 2011ರಲ್ಲಿ ಅವರು ತೀರಿಕೊಂಡ ಮೇಲೆ ಮಾವನಿಗೆ 2 ಎಕರೆ ಬಂತು, 2022ರಲ್ಲಿ 24 ಲಕ್ಷಕ್ಕೆ ಮಾರಿದರು. ಭಾರತದಲ್ಲಿ ತೆರಿಗೆ ಎಷ್ಟು ಗೊತ್ತೇ? ಸೊನ್ನೆ. ಹಳ್ಳಿಯ ಕೃಷಿ ಜಮೀನನ್ನು ಕಾನೂನು ಬಂಡವಾಳ ಆಸ್ತಿ ಅಂತಲೇ ಪರಿಗಣಿಸೋದಿಲ್ಲ. ಹಳ್ಳಿ ಅಂದರೆ ಯಾವುದು ಅನ್ನೋದಕ್ಕೆ ಒಂದು ಅಳತೆ ಇದೆ. 10 ಸಾವಿರದಿಂದ 1 ಲಕ್ಷದವರೆಗೆ ಜನ ಇರೋ ಊರಿನ ಗಡಿಯಿಂದ 2 ಕಿಲೋಮೀಟರ್, 1 ಲಕ್ಷದಿಂದ 10 ಲಕ್ಷದ ಊರಾದರೆ 6 ಕಿಲೋಮೀಟರ್, ಅದಕ್ಕೂ ದೊಡ್ಡದಾದರೆ 8 ಕಿಲೋಮೀಟರ್ ದಾಟಿರಬೇಕು. ಅದೂ ರಸ್ತೆಯಲ್ಲಿ ಅಲ್ಲ, ಹಕ್ಕಿ ಹಾರೋ ದಾರಿಯಲ್ಲಿ. ದೇವದುರ್ಗ, ಮಾನ್ವಿ ಎರಡೂ ಮೊದಲನೇ ಸಾಲಿನಲ್ಲಿ ಬರ್ತವೆ, ರಾಯಚೂರು ಎರಡನೇದರಲ್ಲಿ. ಅದೇ ಹೊಲ ದೇವದುರ್ಗದ ಬದಲು ರಾಯಚೂರಿನಿಂದ 5 ಕಿಲೋಮೀಟರ್ ದೂರದಲ್ಲಿದ್ದಿದ್ದರೆ ತೆರಿಗೆ ಬೀಳ್ತಿತ್ತು!

ಆದರೆ ಅಮೆರಿಕಕ್ಕೆ ಈ ಕಿಲೋಮೀಟರ್ ಲೆಕ್ಕ ಗೊತ್ತಿಲ್ಲ. ಅದಕ್ಕೆ ಹೊಲ ಅಂದರೆ ಆಸ್ತಿ, ಮಾರಿದರೆ ಲಾಭ. 2011ರಲ್ಲಿ 2 ಎಕರೆಗೆ 8 ಲಕ್ಷ, ಆಗ ಡಾಲರ್ 47 ರೂಪಾಯಿ ಆಸುಪಾಸು, 17,000 ಡಾಲರ್. 2022ರ 24 ಲಕ್ಷ ಅಂದರೆ 30,500 ಡಾಲರ್. 13,500 ಡಾಲರ್ ಲಾಭಕ್ಕೆ ಮಾವ 2,000 ಡಾಲರ್ ಹತ್ತಿರ ಕಟ್ಟಿದರು. ಇಲ್ಲಿ ಏನೂ ಕಟ್ಟಿಲ್ಲವಾದ್ದರಿಂದ ಕಳೆಯೋಕೂ ಏನೂ ಇಲ್ಲ. ಅವರ ದೊಡ್ಡಪ್ಪ ಇವತ್ತಿಗೂ "ನಮ್ಮ ಸರ್ಕಾರನೇ ಬಿಟ್ಟದ್ದನ್ನ ಅವ ಯಾಕ ತಗೊಂಡ?" ಅಂತ ಕೇಳ್ತಾರಂತೆ. ನ್ಯಾಯವಾದ ಪ್ರಶ್ನೆನೇ. ಇಲ್ಲಿನ ವಿನಾಯಿತಿ ಇಲ್ಲಿನ ರೈತನಿಗೆ ಅಂತ ಮಾಡಿದ್ದು, ಗಡಿ ದಾಟಿದ ಮೇಲೆ ಅದಕ್ಕೆ ಬೆಲೆ ಇಲ್ಲ. ಅನುಕೂಲವೂ ಆಯಿತು ಅನ್ನಿ, ರೂಪಾಯಿ ಲೆಕ್ಕದಲ್ಲಿ ಮೂರು ಪಟ್ಟಾದ ಬೆಲೆ ಡಾಲರಿನಲ್ಲಿ ಎರಡು ಪಟ್ಟೂ ಆಗಿರಲಿಲ್ಲ.

ಈಗ ಗದ್ದೆಗೆ ಬರೋಣ. ಕಾಕಾ ಮುಖ್ಯವಾಗಿ ಹೇಳ್ತಿದ್ದದ್ದು ಇದರ ಬಗ್ಗೆನೇ. ಗದ್ದೆ ಮಾರೋದಿಲ್ಲ ಅಂತ ಅವ್ವ ಮೊದಲೇ ಹೇಳಿಬಿಟ್ಟಿದ್ದಳು. ಅದನ್ನು ಪಕ್ಕದ ಕ್ಯಾಂಪಿನವರಿಗೆ ಲೀಜಿಗೆ ಕೊಟ್ಟಿದ್ದೇವೆ, ವರ್ಷಕ್ಕೆ ಎಕರೆಗೆ 12 ಚೀಲ ಭತ್ತ ಅಂತ ಮಾತು. ನಮ್ಮ ಕಡೆ ಚೀಲ ಅಂದರೆ 75 ಕೆಜಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಆ 12 ಚೀಲವೂ ಹೋಯಿತು ಅಂತಲೇ ಅಂದುಕೊಂಡಿದ್ದೆವು. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಇಳಿಸಿ ನೀರು ಉಳಿಸಿದರು, ಭತ್ತ ಬಂತು.

6 ಎಕರೆಗೆ 72 ಚೀಲ. ಅಕ್ಕನ ಪಾಲು 24 ಚೀಲ, 18 ಕ್ವಿಂಟಲ್. ಆ ವರ್ಷದ ಬೆಂಬಲ ಬೆಲೆ 2,300 ರೂಪಾಯಿ ಹಿಡಿದರೆ 41,400 ರೂಪಾಯಿ. ಭಾರತದಲ್ಲಿ ಇದು ಕೃಷಿ ಆದಾಯ, ಲೀಜಿನದ್ದಾದರೂ ಅಷ್ಟೇ, ತೆರಿಗೆ ಇಲ್ಲ. ಅಮೆರಿಕದಲ್ಲಿ ಇದು ಬಾಡಿಗೆ ಆದಾಯ, ಶೆಡ್ಯೂಲ್ ಇ ಅನ್ನೋ ಹಾಳೆಯಲ್ಲಿ ಬರೀಬೇಕು. ಭತ್ತದ ರೂಪದಲ್ಲಿ ಬಂದರೂ ಅದರ ಮಾರುಕಟ್ಟೆ ಬೆಲೆ ಹಿಡೀಬೇಕು. ಡಾಲರಿನಲ್ಲಿ 495. ಅಕ್ಕ ಇರೋದು ನೂರಕ್ಕೆ 24ರ ಮೆಟ್ಟಿಲಲ್ಲಿ. ತೆರಿಗೆ 119 ಡಾಲರ್. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಇಲ್ಲಿ ತೆರಿಗೆ ಕಟ್ಟಿಲ್ಲದ್ದರಿಂದ ಇದಕ್ಕೆ ಕ್ರೆಡಿಟ್ ಇಲ್ಲ, ಪೂರ್ತಿ ಕಟ್ಟಲೇಬೇಕು.

119 ಡಾಲರ್, ಅಂದರೆ ವರ್ಷಕ್ಕೆ ಹತ್ತು ಸಾವಿರ ರೂಪಾಯಿ ಒಳಗೇ.

ಈ ಸಂಖ್ಯೆ ಬಂದ ರಾತ್ರಿ ನಾನು ಲ್ಯಾಪ್‌ಟಾಪ್ ಮುಂದೆ ಸುಮ್ಮನೆ ಕೂತುಬಿಟ್ಟೆ. ಕಾಕಾ ಹೇಳಿದ ತ್ರಾಸು, ರೂಪಾಯಿಗೆ ಇಳಿಸಿದಾಗ ಇಷ್ಟು. ಇದಕ್ಕಾಗಿ ಅಕ್ಕ 2 ಎಕರೆ ನೀರಾವರಿ ಗದ್ದೆ ಬಿಟ್ಟುಕೊಡಬೇಕಿತ್ತು. ಬಿಟ್ಟುಕೊಟ್ಟಿದ್ದರೆ ಅದು ಯಾರಿಗೆ ಬರ್ತಿತ್ತು? ನನಗೆ. ಕಾಕಾನಿಗೆ ಅದರಲ್ಲಿ ಒಂದು ಗುಂಟೆಯೂ ಸಿಗ್ತಿರಲಿಲ್ಲ. ಅವರು ನನ್ನ ಒಳ್ಳೇದಕ್ಕೇ ಹೇಳ್ತಿದ್ದರು. ಅದೇ ನನಗೆ ಕಸಿವಿಸಿ ಆಗಿದ್ದು.

ಇನ್ನೊಂದು ಗೊತ್ತಾಯಿತು. ಸೈನ್ ಹಾಕಿ ಬಿಟ್ಟುಕೊಟ್ಟರೆ ಅಮೆರಿಕದ ಕಾಗದ ತಪ್ಪುತ್ತೆ ಅನ್ನೋದೂ ಖಚಿತ ಅಲ್ಲ. ಅಲ್ಲೇ ಖಾಯಂ ನೆಲೆಸೋ ಉದ್ದೇಶದವರು ಅಂತ ಲೆಕ್ಕ ಆದವರು ತಮ್ಮ ಪಾಲನ್ನು ತಮ್ಮನಿಗೆ ಪುಕ್ಕಟೆ ಬಿಟ್ಟುಕೊಟ್ಟರೆ ಅದು ಗಿಫ್ಟ್. 2024ರಲ್ಲಿ ಒಬ್ಬರಿಗೆ 18,000 ಡಾಲರ್ ಮೀರಿದರೆ ಗಿಫ್ಟ್ ರಿಟರ್ನ್ ಅಂತ ಬೇರೆ ಫಾರ್ಮ್ ಹಾಕಬೇಕಿತ್ತು. ಸಾವು ಆದ 9 ತಿಂಗಳೊಳಗೆ, ಇಂಥವರಿಗೇ ಹೋಗಲಿ ಅಂತ ಹೇಳದೆ ಬೇಡ ಅಂದರೆ ಮಾತ್ರ ಅದು ಗಿಫ್ಟ್ ಅಲ್ಲ. ನಮ್ಮಲ್ಲಿ ಆ 9 ತಿಂಗಳು ಎಂದೋ ಮುಗಿದಿತ್ತು.

ಮುಗಿಯದ ಪ್ರಶ್ನೆ ಒಂದು ಉಳಿದಿದೆ. ಮುಂದೆ ಎಂದಾದರೂ ಗದ್ದೆ ಮಾರಿದರೆ ಅಮೆರಿಕದ ಫಾರ್ಮಿನಲ್ಲಿ "ಈ ಆಸ್ತಿ ನಿಮಗೆ ಬಂದ ದಿನಾಂಕ" ಅನ್ನೋ ಖಾನೆ ತುಂಬಬೇಕು. ಸೈಟಿಗೆ ಸುಲಭ, ಅಪ್ಪ ಕೊಂಡದ್ದು, ಅಪ್ಪ ತೀರಿಕೊಂಡ ದಿನ. ಗದ್ದೆ ಪಿತ್ರಾರ್ಜಿತ. ಕರ್ನಾಟಕದಲ್ಲಿ ಮದುವೆ ಆಗದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಪಾಲು ಅಂತ 1994ರ ಜುಲೈ 30ರಿಂದ ಕಾನೂನು ಬಂತು, ಇಡೀ ದೇಶಕ್ಕೆ, ಮದುವೆ ಆದವರಿಗೂ ಸೇರಿ, 2005ರ ಸೆಪ್ಟೆಂಬರ್ 9ರಿಂದ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ, ಈ ಹಕ್ಕು ಹುಟ್ಟಿನಿಂದಲೇ ಬರುತ್ತೆ, 2005ರಲ್ಲಿ ಅಪ್ಪ ಬದುಕಿದ್ದರೋ ಇಲ್ಲವೋ ಅನ್ನೋದು ಮುಖ್ಯ ಅಲ್ಲ ಅಂತ ಹೇಳಿತು. ಹಾಗಾದರೆ ಅಕ್ಕನಿಗೆ ಗದ್ದೆ ಬಂದದ್ದು ಯಾವತ್ತು? ಅವಳು ಹುಟ್ಟಿದ ದಿನವೇ? 1994ರಲ್ಲೇ? ಅಪ್ಪ ಹೋದ ದಿನವೇ? ಡಲ್ಲಾಸಿನವರು ಇದನ್ನು ಕೇಳಿ ಐದು ನಿಮಿಷ ಮಾತಾಡಲಿಲ್ಲ ಅಂತ ಅಕ್ಕ ನಕ್ಕಳು. ಆಮೇಲೆ ಅವರು ಹೇಳಿದ ಮಾತು ನಂಗೆ ಇಷ್ಟ ಆಯಿತು: "ಮಾರೋ ಹೊತ್ತಿಗೆ ಉತ್ತರ ಹುಡುಕೋಣ, ಆದರೆ ಈಗಿರೋ ಒಂದು ಕಾಗದವನ್ನೂ ಕಳೀಬೇಡಿ."

ತೆರಿಗೆಗಿಂತ ಹೆಚ್ಚು ಭಯ ಹುಟ್ಟಿಸೋದು ತಿಳಿಸದೆ ಇದ್ದದ್ದಕ್ಕೆ ಬೀಳೋ ದಂಡ. ಅಮೆರಿಕದ ನಿವಾಸಿಗೆ ಹೊರದೇಶದಲ್ಲಿರೋ ಎಲ್ಲಾ ಖಾತೆಗಳು ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಅನ್ನೋ ವರದಿ ಕೊಡಬೇಕು. ಅದಕ್ಕೆ ತೆರಿಗೆ ಇಲ್ಲ, ಫೀಸಿಲ್ಲ, ಆನ್‌ಲೈನಿನಲ್ಲಿ ತುಂಬೋದು, ಏಪ್ರಿಲ್ 15ಕ್ಕೆ ಆಗದಿದ್ದರೆ ಅಕ್ಟೋಬರ್ 15ರವರೆಗೆ ತಾನಾಗೇ ಅವಧಿ ಸಿಗುತ್ತೆ. ಆದರೆ ಬಿಟ್ಟರೆ ದಂಡ ದೊಡ್ಡದು. ಉದ್ದೇಶ ಇಲ್ಲದೆ ಬಿಟ್ಟವರಿಗೆ ಖಾತೆಗೊಂದು ದಂಡ ಹಾಕಬಾರದು, ವರದಿಗೊಂದೇ ಅಂತ ಅಲ್ಲಿನ ಸುಪ್ರೀಂ ಕೋರ್ಟು 2023ರ ಫೆಬ್ರವರಿ 28ರಂದು ಬಿಟ್ನರ್ ಅನ್ನೋ ಪ್ರಕರಣದಲ್ಲಿ ಹೇಳಿತು. ಆ ಬಿಟ್ನರ್ ರೊಮೇನಿಯಾ ಮೂಲದವರು. ಊರಿನ ಖಾತೆ ಎಲ್ಲರಿಗೂ ಇರುತ್ತೆ ನೋಡಿ.

ನಮ್ಮ ಅವ್ವ ಏನು ಮಾಡಿದ್ದಳು? "ನಾಳೆ ನನಗೇನರ ಆದ್ರ" ಅಂತ ಅಪ್ಪ ಹೋದ ಮೇಲೆ ತನ್ನ 6 ಲಕ್ಷದ ಎಫ್‌ಡಿಗೆ ಅಕ್ಕನ ಹೆಸರು ಸೇರಿಸಿದ್ದಳು. ದುಡ್ಡು ಅವ್ವನದು, ವರದಿ ಅಕ್ಕನದು, ಅದೂ ಅರ್ಧ ಅಲ್ಲ, ಪೂರ್ತಿ 6 ಲಕ್ಷ ತೋರಿಸಬೇಕು. ಅಪ್ಪ ಅಕ್ಕನ ಹೆಸರಲ್ಲಿ ಮಾಡಿಸಿದ್ದ ಎಲ್‌ಐಸಿ ಪಾಲಿಸಿಯ ಈಗಿನ ಸರೆಂಡರ್ ಬೆಲೆಯೂ ಲೆಕ್ಕಕ್ಕೆ ಬರುತ್ತೆ. ಕಾಲೇಜಿನ ಕಾಲದ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಖಾತೆ ಮಾಡಿಸಿದೆವು, ಸೈಟಿನ ದುಡ್ಡು ಅದಕ್ಕೇ ಬಂತು. ಅಲ್ಲಿಂದ ತೆರಿಗೆ ಕಟ್ಟಿದ ದಾಖಲೆ ತೋರಿಸಿ ಒಂದು ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರಿನವರೆಗೆ ಹೊರಗೆ ಒಯ್ಯಬಹುದು. (ನಮ್ಮ ಮನೆತನದ ಏಳು ತಲೆಮಾರಿಗೆ ಆ ಮಿತಿ ಸಾಕು :))

"ಯಾರಿಗೆ ಗೊತ್ತಾಗ್ತದ?" ಅನ್ನೋ ಕಾಲ ಹೋಯಿತು. 2015ರ ಜುಲೈ 9ರಂದು ಎರಡು ದೇಶಗಳು ಸಹಿ ಹಾಕಿದ ಫ್ಯಾಟ್ಕಾ ಒಪ್ಪಂದದ ಮೇಲೆ ಇಲ್ಲಿನ ಬ್ಯಾಂಕುಗಳು ಅಂಥ ಖಾತೆಗಳ ವಿವರ ಕಳಿಸ್ತವೆ. ಬ್ಯಾಂಕಿನಲ್ಲಿ "ಬೇರೆ ದೇಶದ ತೆರಿಗೆ ನಿವಾಸಿಯೇ?" ಅಂತ ಒಂದು ಖಾನೆ ಇರುತ್ತಲ್ಲ, ನಾವು ಓದದೆ ಟಿಕ್ ಹಾಕೋದು, ಅದು ಇದೇ.

ಇದು ಅಮೆರಿಕಕ್ಕೆ ಹೋದವರ ತಲೆನೋವು ಮಾತ್ರ ಅಂದುಕೋಬೇಡಿ. ನಮ್ಮ ಜಿಲ್ಲೆಯಿಂದ ಗಲ್ಫಿಗೆ ಹೋದವರೂ ಇದ್ದಾರೆ. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. 2020ರ ಬಜೆಟ್ಟಿನಲ್ಲಿ "ಎಲ್ಲೂ ತೆರಿಗೆ ಕಟ್ಟದ ಭಾರತೀಯ ಇಲ್ಲಿನ ನಿವಾಸಿ" ಅಂತ ಬಂದಾಗ ವಾಟ್ಸಾಪಿನಲ್ಲಿ ಗಲ್ಫಿನ ಸಂಬಳಕ್ಕೆಲ್ಲ ತೆರಿಗೆ ಅಂತ ಗುಲ್ಲೆದ್ದಿತ್ತು. ಮರುದಿನ, ಫೆಬ್ರವರಿ 2ರಂದೇ, ದುಡಿಯೋಕೆ ಹೋದವರ ಅಲ್ಲಿನ ಸಂಬಳಕ್ಕೆ ಇದು ಅಲ್ಲ ಅಂತ ಸರ್ಕಾರ ಸ್ಪಷ್ಟ ಮಾಡಿತು, ಆಮೇಲೆ ಕಾನೂನು ಭಾರತದಲ್ಲಿ 15 ಲಕ್ಷಕ್ಕೂ ಹೆಚ್ಚು ಆದಾಯ ಇರೋರಿಗೆ ಮಾತ್ರ ಅಂತ ಬಂತು. ಥಾಯ್ಲೆಂಡ್ ಕಡೆ ನೋಡಿದರೆ, ಅಲ್ಲಿ ವರ್ಷಕ್ಕೆ 180 ದಿನ ಇರೋರು 2024ರ ಜನವರಿ 1ರ ನಂತರ ಹೊರಗೆ ಗಳಿಸಿದ್ದನ್ನು ಒಳಗೆ ತಂದಾಗ ತೆರಿಗೆ ಅಂತ ನಿಯಮ ಬದಲಾಯಿತು. ಅಮೆರಿಕದಲ್ಲಿ ಹೋಟೆಲ್ ನಡೆಸಿ ಊರಿಗೆ ಮರಳೋ ಥಾಯ್ ಕುಟುಂಬವೂ ಎರಡು ದೇಶದ ಲೆಕ್ಕ ಬಲ್ಲವರನ್ನು ಹುಡುಕಲೇಬೇಕು.

ನಮ್ಮಲ್ಲಿ ಆಮೇಲೆ ಏನಾಯಿತು? ಒಂದು ಭಾನುವಾರ ಅವ್ವ, ಕಾಕಾ, ನಾನು ಕೂತು, ಅಕ್ಕ-ಮಾವನನ್ನು ಫೋನಿನಲ್ಲಿ ಸೇರಿಸಿಕೊಂಡು ಈ ಲೆಕ್ಕ ಓದಿದೆ. ಒಂದೇ ಹಾಳೆ. ಕಾಕಾ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. "ಹತ್ತು ಸಾವಿರ ವರ್ಷಕ್ಕೋ, ತಿಂಗಳಿಗೋ?" ಅಂದರು. ವರ್ಷಕ್ಕೆ ಅಂದೆ. "ಫಾರ್ಮ್ ತುಂಬೋರ ಫೀಸು?" ಅದು ತೆರಿಗೆಗಿಂತ ಜಾಸ್ತಿನೇ ಅಂದೆ, ಸುಳ್ಳು ಹೇಳಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವ್ವ ಹೇಳಿದಳು:

"ಆಕಿ ಹೆಸರು ಪಹಣಿಯಾಗ ಇರಲಿ. ಟ್ಯಾಕ್ಸ್ ಬಂದ್ರ ಕಟ್ಟತಾಳ. ಹೆಸರು ಒಮ್ಮೆ ಹೋದ್ರ ಮತ್ತ ಬರಂಗಿಲ್ಲ."

ಕಾಕಾ ಏನೂ ಅನ್ನಲಿಲ್ಲ. ಪೌತಿ ಖಾತೆಗೆ ಅವರೇ ನಮ್ಮ ಜೊತೆ ಮಾನ್ವಿಗೆ ಬಂದರು.

ಸೈಟಿನ ವ್ಯವಹಾರ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಮೊದಲ ಗಿರಾಕಿ ಬಿಟ್ಟುಹೋದರು. ಎರಡನೇಯವರಿಗೆ ಟ್ಯಾನ್ ಮಾಡಿಸೋದರಿಂದ ಹಿಡಿದು ದುಡ್ಡು ಕಟ್ಟೋತನಕ ಸಿಎ ಫೀಸು ನಾವೇ ಕೊಡ್ತೀವಿ ಅಂದ ಮೇಲೆ ಒಪ್ಪಿದರು. ಅಕ್ಕನ ಪ್ಯಾನ್ ನಿಷ್ಕ್ರಿಯ ಅಂತ ತೋರಿಸ್ತಿತ್ತು. ಆಧಾರ್ ಜೋಡಿಸದ ಪ್ಯಾನುಗಳು 2023ರ ಜುಲೈ 1ರಿಂದ ನಿಂತಾಗ, ಇಲಾಖೆಯ ದಾಖಲೆಯಲ್ಲಿ ಅನಿವಾಸಿ ಅಂತ ಇಲ್ಲದ ಎಷ್ಟೋ ಎನ್ನಾರೈಗಳ ಪ್ಯಾನೂ ನಿಂತಿತ್ತು. ಪಾಸ್‌ಪೋರ್ಟ್ ಪ್ರತಿ ಕೊಟ್ಟು ಸರಿ ಮಾಡಿಸಿದಳು, ಇಲ್ಲದಿದ್ದರೆ ಇನ್ನೂ ಜಾಸ್ತಿ ಹಿಡೀತಿದ್ದರು. ಅವಳು ಅಲ್ಲಿಂದ ಕಳಿಸಿದ ಮುಖ್ತ್ಯಾರ್ ಪತ್ರಕ್ಕೆ ಇಲ್ಲಿ ಬಂದ 3 ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸಬೇಕಿತ್ತು. ಡಿಸೆಂಬರಿನಲ್ಲಿ ರಿಜಿಸ್ಟರ್ ಆಯಿತು. ಸಾಲವನ್ನು ಮೂರೂ ಪಾಲಿನಿಂದ ಸಮನಾಗಿ ತೀರಿಸಿದೆವು.

ಇಷ್ಟೆಲ್ಲಾ ಆದ ಮೇಲೆ ನನಗೆ ಅನ್ನಿಸಿದ್ದು. ತ್ರಾಸು ಇದೆ, ಸುಳ್ಳಲ್ಲ. ಅಕ್ಕನಿಗೆ ಅವ್ವನಿಗಿಂತ 39 ಸಾವಿರ ಜಾಸ್ತಿ ಹೋಯಿತು, ವರ್ಷಾ ವರ್ಷಾ ನಾಲ್ಕು ಫಾರ್ಮ್ ಜಾಸ್ತಿ ಆಯಿತು. ಆದರೆ ಅಳತೆ ಮಾಡದ ತ್ರಾಸನ್ನು ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ನೆಪ ಮಾಡಬಹುದು. ನಮ್ಮ ಊರುಗಳಲ್ಲಿ ಆ ನೆಪ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೇ ಬಂದು ಕೂರುತ್ತೆ. ಮಾವ ದೇವದುರ್ಗದ ಹೊಲ ಮಾರಿದಾಗ 2,000 ಡಾಲರ್ ಹೋಯಿತಲ್ಲ, ಆಗ ಯಾರೂ "ತ್ರಾಸು ಆಗ್ತದ, ನಿನ್ನ ಪಾಲು ಬಿಟ್ಟುಬಿಡು" ಅಂತ ಅವರಿಗೆ ಹೇಳಿರಲಿಲ್ಲ.

ಹಾಗಾಗಿ ಬ್ಲಾಗ್ ಮಿತ್ರರೇ, ನಿಮ್ಮ ಮನೆಯಲ್ಲಿ ಇಂಥ ಮಾತು ಬಂದರೆ ಸೈನ್ ಹಾಕೋ ಮೊದಲು ಒಂದು ಹಾಳೆ ತಗೊಳ್ಳಿ. ಎಡಗಡೆ ಭಾರತ, ಬಲಗಡೆ ಆ ದೇಶ. ಆಸ್ತಿ ಯಾರು ಕೊಂಡದ್ದು, ಯಾವಾಗ, ತೀರಿಕೊಂಡ ದಿನ ಬೆಲೆ ಎಷ್ಟಿತ್ತು, ಊರ ಗಡಿಯಿಂದ ಎಷ್ಟು ದೂರ, ಯಾವ ಯಾವ ಖಾತೆಯಲ್ಲಿ ಯಾರ ಹೆಸರಿದೆ, ಇಷ್ಟು ಬರೆಯಿರಿ. ಇಲ್ಲಿನ ಸಿಎಗೂ ಅಲ್ಲಿನವರಿಗೂ ಒಂದೇ ಹಾಳೆ ಕೊಡಿ. ಅನಿವಾಸಿಗಳು ಕೃಷಿ ಜಮೀನು ಕೊಳ್ಳೋಕೆ ಆಗೋದಿಲ್ಲ, ಆದರೆ ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಅಂದರೆ ಒಮ್ಮೆ ಬಿಟ್ಟ ಹೊಲವನ್ನು ಅಕ್ಕ ಅನಿವಾಸಿಯಾಗಿ ಇರೋತನಕ ದುಡ್ಡು ಕೊಟ್ಟರೂ ವಾಪಸ್ ಕೊಳ್ಳೋಕೆ ಆಗ್ತಿರಲಿಲ್ಲ. ಅವ್ವ ಯಾವ ಕಾನೂನೂ ಓದದೆ ಅದನ್ನೇ ಹೇಳಿದ್ದಳು.

ನಿಮ್ಮಲ್ಲಿ ಯಾರಾದರೂ ಇಂಗ್ಲೆಂಡ್, ಆಸ್ಟ್ರೇಲಿಯಾ, ದುಬೈ ಕಡೆಯ ಲೆಕ್ಕ ಮಾಡಿದ್ದರೆ ಕಾಮೆಂಟಿನಲ್ಲಿ ಬರೆಯಿರಿ. ಓದಿ ತಿಳಿದದ್ದಕ್ಕಿಂತ ಮಾಡಿ ನೋಡಿದ್ದು ಹೆಚ್ಚು ಉಪಯೋಗ. ನಮ್ಮ ಲೆಕ್ಕದಲ್ಲಿ ಏನಾದರೂ ಬಿಟ್ಟುಹೋಗಿದೆ ಅನ್ನಿಸಿದರೂ ಹೇಳಿ, ಏಪ್ರಿಲ್ 15 ಪ್ರತಿ ವರ್ಷ ಬರುತ್ತೆ :)